ಚಿಣ್ಣನ ಪರೀಕ್ಷೆಗೆ ತೈವಾನಿಗೆ ಹೋದದ್ದು

ನಿಟ್ಟೆ ಹತ್ತಿರದ ಶೆಡ್ಡು

ನನ್ನ ತಂಗಿಯ ಗಂಡ ಸದಾನಂದ ಪಿಯುಸಿಯಲ್ಲಿ ಕೆಮಿಸ್ಟ್ರಿಯಲ್ಲಿ ಎರಡು ಸಲ ಫೇಲಾದವರು. ನಾನು ಕಾರ್ಕಳದ ಒಂದು ಜೂನಿಯರ್ ಕಾಲೇಜಿನಲ್ಲಿ ಅದೇ ಕೆಮಿಸ್ಟ್ರಿ ಕಲಿಸುವವನು. ಇಷ್ಟು ಹೇಳಿ, ಇಬ್ಬರಲ್ಲಿ ವಿಮಾನ ಹತ್ತುವ ಯೋಗ ಯಾರಿಗೆ ಎಂದು ಕೇಳಿದರೆ ಯಾರಾದರೂ ನನ್ನ ಕಡೆಗೇ ಬೆರಳು ತೋರಿಸುತ್ತಾರೆ. ನಾನು ಹತ್ತಿದ್ದೂ ಹೌದು. ಆದರೆ ಭಾವನ ಬಾಲ ಹಿಡಿದುಕೊಂಡು ಹತ್ತಿದೆ. ಅವರ ಇಂಗ್ಲಿಷಿಗೆ ಒಂದು ಆಸರೆ ಬೇಕಿತ್ತು. ಟಿಕೆಟ್ಟು ಅವರದ್ದು, ಊಟ ಅವರದ್ದು, ಮಾತು ಮಾತ್ರ ನನ್ನದು.

ಭಾವನಿಗೆ ನಿಟ್ಟೆಯ ಹತ್ತಿರ ಒಂದು ವರ್ಕ್‌ಶಾಪ್ ಇದೆ. ಹಾಸ್ಟೆಲುಗಳ ಕಿಟಕಿಗೆ ಸರಳು, ಟಿಲ್ಲರಿಗೆ ಬಿಡಿಭಾಗ, ಗೇಟು, ಏಣಿ ಎಂದು ಬಂದ ಕೆಲಸವನ್ನೆಲ್ಲ ಮಾಡಿಕೊಂಡಿದ್ದರು. ಒಂದು ಬೇಸಿಗೆಯಲ್ಲಿ ಮಗಳಿಗೆ ಆಡಲೆಂದು ಹಳೆಯ ಮೊಪೆಡ್ಡಿನ ಎಂಜಿನ್ ಬಿಚ್ಚಿ, ನಾಲ್ಕು ದಪ್ಪ ಚಕ್ರ ಹಾಕಿ, ಒಂದು ಪುಟ್ಟ ಗಾಡಿ ಮಾಡಿದರು. ಇನ್ನಂಜೆಯ ಅವರ ಮನೆಯೆದುರಿನ ಕೊಯ್ಲಾದ ಗದ್ದೆಯಲ್ಲಿ ಅದು ಕಟ್ಟಪುಣಿಯ ಬದು ಹತ್ತಿ ಇಳಿದು ಗದ್ದೆಯಿಂದ ಗದ್ದೆಗೆ ಹಾರಿಕೊಂಡು ಹೋಗುತ್ತಿತ್ತು. ಅದಕ್ಕೆ ಚಿಣ್ಣ ಎಂದು ಹೆಸರಿಟ್ಟರು. ಮಂಗಳೂರಿನ ಒಬ್ಬ ರಫ್ತು ವ್ಯಾಪಾರಿ ಯಾವುದೋ ಕೆಲಸಕ್ಕೆ ಬಂದವನು ಅದನ್ನು ನೋಡಿದ. ಅಮೆರಿಕದ ಮಕ್ಕಳು ಹೊಲದಲ್ಲಿ, ಮರಳಿನಲ್ಲಿ, ಗುಡ್ಡದಲ್ಲಿ ಬಿಡುವುದು ಇಂಥದ್ದನ್ನೇ, ಹೊಸ ಎಂಜಿನ್ ಹಾಕಿ ಸರಿಯಾಗಿ ಮಾಡಿಕೊಟ್ಟರೆ ಕಳಿಸೋಣ ಎಂದ. ನನ್ನ ಕೆಮಿಸ್ಟ್ರಿ ನೋಟ್ಸನ್ನು ನೋಡಿ ಇಷ್ಟು ವರ್ಷದಲ್ಲಿ ಯಾರೂ ಹಾಗೆ ಹೇಳಿದ್ದಿಲ್ಲ.

ಒಂದು ಷರತ್ತು ಇತ್ತು. ಅಮೆರಿಕದಲ್ಲಿ ಆಗ ಮಕ್ಕಳ ಸಾಮಾನಿನ ಬಗ್ಗೆ ಹೊಸ ಕಾನೂನು ಬಂದಿತ್ತು. ಮಕ್ಕಳು ಮುಟ್ಟುವ ಯಾವ ಭಾಗದಲ್ಲೂ ಸೀಸದ ಅಂಶ ಮಿತಿ ಮೀರಿ ಇರಬಾರದು. ಮಕ್ಕಳು ಬಿಡುವ ಗಾಡಿಯಾದರೆ ಬ್ರೇಕು, ವೇಗ, ಹಿಡಿ, ಎಲ್ಲವೂ ನಿಯಮದ ಪ್ರಕಾರ ಇರಬೇಕು. ಮಾಡಿದವನೇ 'ಸರಿಯಿದೆ' ಎಂದರೆ ಸಾಲದು, ಹೊರಗಿನ ಪರೀಕ್ಷಾಲಯವೊಂದು ಹೇಳಬೇಕು. ವ್ಯಾಪಾರಿ ಗೊತ್ತುಮಾಡಿದ ಪರೀಕ್ಷಾಲಯ ತೈವಾನಿನಲ್ಲಿತ್ತು. ಭಾವ ಆ ವರ್ಷ ಗೇಟು, ಸರಳುಗಳ ಕೆಲಸವನ್ನೆಲ್ಲ ಬಿಟ್ಟು ಚಿಣ್ಣನ ಮೇಲೆಯೇ ಕೂತಿದ್ದರು. ಪಾಸಾದರೆ ಶೆಡ್ಡು ಕಾರ್ಖಾನೆಯಾಗುತ್ತದೆ. ಫೇಲಾದರೆ ವ್ಯಾಪಾರಿ ಬೇರೆಯವರ ಹತ್ತಿರ ಹೋಗುತ್ತಾನೆ, ಬಿಟ್ಟುಕೊಟ್ಟ ಗಿರಾಕಿಗಳು ವಾಪಸು ಬರುವುದಿಲ್ಲ, ಶೆಡ್ಡಿಗೆ ಬೀಗ.

ಗಾಡಿಯನ್ನು ಮರದ ಪೆಟ್ಟಿಗೆಗೆ ಹಾಕುವ ದಿನ ನಾನೂ ಹೋಗಿದ್ದೆ. ಬಾಗಲಕೋಟೆ ಕಡೆಯ ವೆಲ್ಡರ್ ಹನುಮಂತಪ್ಪ ಬಾಗಿಲ ಬಳಿ ತೆಂಗಿನಕಾಯಿ, ಲಿಂಬೆಹಣ್ಣು ಇಟ್ಟುಕೊಂಡು ತಯಾರಾಗಿದ್ದ. ಗೋಡೆಯ ಹನುಮಂತನ ಪಟದ ಕೆಳಗೆ ಅವನ ಸಣ್ಣ ಡಬ್ಬಿ, ಅದರೊಳಗೆ ಎಣ್ಣೆಯಲ್ಲಿ ಕಲಸಿದ ಕೇಸರಿ ಬಣ್ಣದ ಸಿಂಧೂರ.

"ನಮ್ಮೂರ ಹನಮಪ್ಪನ ಗುಡಿದು ರೀ ಸರ. ಇದನ್ನ ಹಚ್ಚಿದ್ರ ಯಾರ ಕಣ್ಣೂ ತಾಗಂಗಿಲ್ಲ" ಎಂದ.

"ಅಲ್ಲಿ ಪರೀಕ್ಷೆ ಮಾಡುವುದು ಮೆಷಿನು ಮಾರಾಯ. ಮೆಷಿನಿಗೆಲ್ಲಿಯ ಕಣ್ಣು?" ಎಂದು ನಾನು ತಮಾಷೆ ಮಾಡಿದೆ.

ಚಿಣ್ಣ ಹೊಳೆಯುತ್ತಾ ನಿಂತಿತ್ತು. ಹಸಿರು ಬಣ್ಣ, ಕಪ್ಪು ಸೀಟು, ಮುಂದೆ ಒಂದು ದೀಪ. "ಒಳ್ಳೆದಾಗಿದೆ ಭಾವ, ಬಹಳ ಒಳ್ಳೆದಾಗಿದೆ" ಎಂದೆ. ಆಗ ತಂಗಿ ಸುಮತಿ ಆರತಿಯ ತಟ್ಟೆ ಹಿಡಿದು ಬಂದಳು. ನನ್ನ ಮುಖ ನೋಡಿದಳು, ಗಾಡಿಯನ್ನು ನೋಡಿದಳು.

"ಅಣ್ಣ, ಒಳಗೆ ಸೆಕೆ. ನೀನು ಸ್ವಲ್ಪ ಹೊರಗೆ ಕೂತುಕೋ. ಪೆಟ್ಟಿಗೆಗೆ ಮೊಳೆ ಹೊಡೆದ ಮೇಲೆ ಕರೆಯುತ್ತೇನೆ" ಎಂದಳು.

ನನ್ನ ಮೇಲೆ ಎಷ್ಟು ಕಾಳಜಿ ಎಂದುಕೊಂಡು ಹೊರಗೆ ಬಂದು ಕೂತೆ.

ನಾಯಿಯೂ ಕೂಡ

ಮುಂಬಯಿ, ಹಾಂಗ್‌ಕಾಂಗ್, ತೈಪೆ. ಹೊರಡುವ ಮೊದಲು ಸುಮತಿ ಇಬ್ಬರಿಗೂ ಸಮವಾಗಿ ಕಾಡಿನ ಕಾಟು ಮಾವಿನಹಣ್ಣು ಕಟ್ಟಿಕೊಟ್ಟಿದ್ದಳು. ಭಾವನಿಗೆ ತಾಳ್ಮೆ ಇಲ್ಲ, ಅವರು ಹಾಂಗ್‌ಕಾಂಗಿನಲ್ಲಿ ಕೂತಲ್ಲೇ ಎಲ್ಲವನ್ನೂ ಚೀಪಿ ಮುಗಿಸಿದರು. ನಾನು ಅಧ್ಯಾಪಕ. ಮುಂದಾಲೋಚನೆ ಮಾಡಿ ಉಳಿಸಿಕೊಂಡೆ.

ತೈಪೆಯ ವಿಮಾನ ನಿಲ್ದಾಣದಲ್ಲಿ ಉದ್ದ ಕಿವಿಯ ಒಂದು ಸಣ್ಣ ನಾಯಿ ಬಂದಿತು. ಬೊಗಳಲಿಲ್ಲ, ಹಾರಲಿಲ್ಲ. ಭಾವನ ಬ್ಯಾಗನ್ನು ಮೂಸಿ, ದಾಟಿ, ನನ್ನ ಬ್ಯಾಗಿನ ಮುಂದೆ ಬಂದು ಸಭ್ಯವಾಗಿ ಕೂತುಬಿಟ್ಟಿತು. ಅದು ಕೂತರೆ ಒಳಗೆ ಹಣ್ಣು ಇದೆ ಎಂದು ಅರ್ಥವಂತೆ, ಹೊರಗಿನ ಹಣ್ಣನ್ನು ಆ ದೇಶದೊಳಗೆ ಬಿಡುವುದಿಲ್ಲವಂತೆ. ಅಧಿಕಾರಿ ಕೈಗವಸು ಹಾಕಿಕೊಂಡು ನನ್ನ ಮಾವಿನಹಣ್ಣುಗಳನ್ನು ಹಾವನ್ನು ಎತ್ತುವ ಹಾಗೆ ಎತ್ತಿ ಕಸದ ಡಬ್ಬಿಗೆ ಹಾಕಿದ. ಆಮೇಲೆ ನನಗೇ ಬಗ್ಗಿ ನಮಸ್ಕರಿಸಿದ.

"ನನ್ನ ಬ್ಯಾಗಿನಲ್ಲಿ ಎಂತದ್ದೂ ಇಲ್ಲ ಅಂತ ಅದಕ್ಕೆ ಗೊತ್ತಾಯಿತು ನೋಡಿ" ಎಂದರು ಭಾವ. ಎಂತದ್ದೂ ಇಲ್ಲ ಎಂದರೆ ಬಟ್ಟೆಯೂ ಇರಲಿಲ್ಲ. ಅವರ ಬ್ಯಾಗಿನ ತುಂಬ ಚಿಣ್ಣನ ಬಿಡಿಭಾಗಗಳಿದ್ದವು. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ನಟ್ಟು, ಕೇಬಲ್, ಬ್ರೇಕಿನ ಲಿವರ್, ಹ್ಯಾಂಡಲಿನ ರಬ್ಬರ್ ಗ್ರಿಪ್, ಅವುಗಳ ನಡುವೆ ಎರಡು ಶರ್ಟು. ಇಂಥ ಬ್ಯಾಗು ಹೊತ್ತವರಿಗೆ ನಾಯಿ ದಾರಿ ಬಿಟ್ಟಿತು, ಇಸ್ತ್ರಿ ಹಾಕಿದ ಬಟ್ಟೆ ತಂದ ನನ್ನನ್ನು ಹಿಡಿಯಿತು.

ತೈಚುಂಗ್

ಅಮೆರಿಕ, ಜರ್ಮನಿಗಳಿಗೆ ಹೋಗಿಬಂದವರು ಅಲ್ಲಿಯ ರಸ್ತೆ, ಸೇತುವೆಗಳ ಬಗ್ಗೆ ಬರೆದದ್ದನ್ನು ಓದಿದರೆ ನನಗೆ ಏನೂ ಆಗುವುದಿಲ್ಲ. ಅದು ಬೇರೆ ಲೋಕ, ನಮ್ಮ ಸಂಬಂಧಿಕರಲ್ಲ. ಹೊಟ್ಟೆ ಉರಿಯಬೇಕಾದರೆ ಎದುರಿನವರು ನಮ್ಮ ಹಾಗೆಯೇ ಇರಬೇಕು. ತೈಚುಂಗ್ ಊರು ನಮ್ಮ ಹಾಗೆಯೇ ಇತ್ತು. ಕಷ್ಟ ಶುರುವಾದದ್ದು ಅಲ್ಲಿಂದ.

ಬಸ್ಸಿನ ಕಿಟಕಿಯಲ್ಲಿ ಕಂಡದ್ದು ಭತ್ತದ ಗದ್ದೆ. ಗದ್ದೆಯ ನಡುವೆ ತೆಂಗು, ಬಾಳೆ, ಒಂದು ದೇವಸ್ಥಾನ. ನಮ್ಮ ಜೂನ್ ತಿಂಗಳಿನದ್ದೇ ಮೋಡ, ಬೆನ್ನಿಗೆ ಅಂಟುವ ಅದೇ ಸೆಕೆ. ಇಡೀ ಸಂಸಾರ ಒಂದೇ ಸ್ಕೂಟರಿನ ಮೇಲೆ, ಮುಂದೆ ನಿಂತ ಮಗು, ಹಿಂದೆ ತರಕಾರಿಯ ಚೀಲ. ಆದಿ ಉಡುಪಿಯ ಸಂತೆಯ ದಿನ ಇಳಿದ ಹಾಗಾಯಿತು. ಆದರೆ ಸಿಗ್ನಲ್ಲಿನಲ್ಲಿ ಆ ಸ್ಕೂಟರುಗಳೆಲ್ಲ ರಸ್ತೆಯ ಮೇಲೆ ಬರೆದ ಒಂದು ಚೌಕದೊಳಗೆ ಸದ್ದಿಲ್ಲದೆ ನಿಂತವು. ಯಾರೂ ಹಾರ್ನ್ ಹೊಡೆಯಲಿಲ್ಲ. ನಿಂತ ಮಗುವಿನ ತಲೆಯ ಮೇಲೂ ಹೆಲ್ಮೆಟ್ಟು, ಅದಕ್ಕೆ ಮೊಲದ ಕಿವಿ.

ಬೆಳಿಗ್ಗೆ ಹೋಟೆಲಿನಲ್ಲಿ ತಿಂಡಿಗೆ ಹೋದರೆ ದೊಡ್ಡ ಪಾತ್ರೆಯಲ್ಲಿ ಹಬೆಯಾಡುತ್ತಿದ್ದದ್ದು ಗಂಜಿ. ಪಕ್ಕದಲ್ಲಿ ಸಾಲಾಗಿ ಉಪ್ಪಿನಲ್ಲಿ ಹಾಕಿದ ಸೌತೆ, ಮೂಲಂಗಿ, ಒಣಮೀನಿನ ಪುಡಿ. ನಮ್ಮ ಮನೆಗೆ ನೆಂಟರು ಬಂದರೆ ಗಂಜಿಯ ಪಾತ್ರೆಯನ್ನು ಮೊದಲು ಅಡಗಿಸಿಡುತ್ತೇವೆ. ಇಲ್ಲಿ ಕೋಟು ಹಾಕಿದವರು ಸಾಲು ನಿಂತು ಅದನ್ನೇ ಬಡಿಸಿಕೊಳ್ಳುತ್ತಿದ್ದರು. ಭಾವ ಮೂರು ಸಲ ಹಾಕಿಸಿಕೊಂಡು, "ಇದು ಇನ್ನಂಜೆಯೇ ಭಾವ, ಕುಚ್ಚಲಕ್ಕಿ ಅಲ್ಲ ಅಷ್ಟೆ" ಎಂದರು. ಅವರಿಗೆ ಹೋದಲ್ಲೆಲ್ಲ ಊರು ಸಿಗುತ್ತದೆ. ನನಗೆ ಊರು ಇನ್ನೊಬ್ಬರ ಕೈಯಲ್ಲಿ ಹೇಗೆ ಚೆಂದವಾಯಿತು ಎಂಬ ಸಂಕಟ.

ಆ ಸಂಜೆ ಬೀದಿಯಲ್ಲಿ ಸಂಗೀತ ಕೇಳಿತು. ಮಕ್ಕಳು ಪಿಯಾನೋ ಕಲಿಯುವಾಗ ಬಾರಿಸುವಂಥ ಮೆಲು ರಾಗ. ಎಲ್ಲ ಮನೆಗಳಿಂದ ಜನ ಹೊರಗೆ ಓಡಿ ಬಂದರು. ಐಸ್‌ಕ್ಯಾಂಡಿಯ ಗಾಡಿ ಎಂದುಕೊಂಡು ನಾನೂ ಚಿಲ್ಲರೆ ಹಿಡಿದು ಸಾಲಿನಲ್ಲಿ ನಿಂತೆ. ಹಳದಿ ಲಾರಿ ಹತ್ತಿರ ಬಂದಾಗ ನೋಡಿದರೆ ಪ್ರತಿಯೊಬ್ಬರ ಕೈಯಲ್ಲೂ ಒಂದು ಚೀಲ. ಅದು ಕಸದ ಲಾರಿ! ನನ್ನ ಸರದಿ ಬಂದಾಗ ಕೈಯಲ್ಲಿ ಕಸ ಇಲ್ಲದೆ ನಾಚಿಕೆಯಾಗಿ, ಜೇಬಿನಲ್ಲಿದ್ದ ಬಸ್ಸಿನ ಹಳೆಯ ಟಿಕೆಟನ್ನು ಎಸೆದೆ. ಹಿಂದಿದ್ದ ಅಜ್ಜಿ ನನ್ನ ಚಿಲ್ಲರೆ ನೋಡಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಕಸಕ್ಕೂ ಸಂಗೀತ ಹಾಕುವ ಜನ ಇವರು. ನಮ್ಮ ಕಡೆ ಕಸದ ಚೀಲ ಪಕ್ಕದವರ ಕಂಪೌಂಡಿನಾಚೆ ಹಾರುವುದನ್ನು ನೆನೆದು ಆ ರಾತ್ರಿಯ ಊಟ ರುಚಿಸಲಿಲ್ಲ.

ಪರೀಕ್ಷಾಲಯ, ಮೊದಲನೆಯ ದಿನ

ಊರ ಹೊರಗೆ, ಗದ್ದೆಗಳ ನಡುವೆ, ಪರೀಕ್ಷಾಲಯ. ನಮಗೆ ಗೊತ್ತುಮಾಡಿದ್ದ ಪರೀಕ್ಷಕಿಯ ಹೆಸರು ಲಿನ್. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು, ಕನ್ನಡಕ, ನೀಲಿ ಅಂಗಿ. ಅವಳ ಇಂಗ್ಲಿಷ್ ನಿಧಾನ, ನನ್ನ ಇಂಗ್ಲಿಷ್ ಇನ್ನೂ ನಿಧಾನ. ಹಾಗಾಗಿ ತಪ್ಪು ತಿಳಿಯುವ ಪ್ರಸಂಗವೇ ಬರಲಿಲ್ಲ.

ನಮಗಿಂತ ಮೊದಲೇ ಬಂದಿದ್ದ ಪೆಟ್ಟಿಗೆ ಬಿಚ್ಚಿ ಚಿಣ್ಣನನ್ನು ಹೊರಗೆ ತೆಗೆದಾಗ ಮೊದಲು ಸಿಕ್ಕಿದ್ದು ಚಕ್ರದ ಕೆಳಗೆ ಒಣಗಿದ ಒಂದು ಲಿಂಬೆಹಣ್ಣು. ಲಿನ್ ಅದನ್ನು ಎತ್ತಿ ಹಿಡಿದು ನೋಡಿದಳು. "ಬಿಡಿಭಾಗವೇ?" ಎಂದು ಕೇಳಿದಳು. ಭಾವ ಅದನ್ನು ಕಸಿದುಕೊಂಡು ಜೇಬಿಗೆ ಹಾಕಿಕೊಂಡರು.

ಅವರ ನಿಯಮಗಳನ್ನು ಕೇಳುತ್ತಾ ಹೋದ ಹಾಗೆ ನನ್ನ ಹೊಟ್ಟೆಕಿಚ್ಚಿಗೆ ಹೊಸ ಸೌದೆ ಬಿತ್ತು. ಬ್ರೇಕಿನ ಲಿವರು ದೊಡ್ಡವರ ಕೈಗೆ ಎಟುಕಿದರೆ ಸಾಲದು, ಮಗುವಿನ ಬೆರಳಿಗೆ ಎಟುಕಬೇಕು. ಅದನ್ನು ಅಳೆಯಲು ಅವರ ಹತ್ತಿರ ಮಗುವಿನ ಕೈಯ ಅಳತೆಯ ಒಂದು ಸಲಕರಣೆ ಇತ್ತು. ವೇಗವನ್ನು ಕಡಿಮೆ ಮಾಡಿಡುವ ತಿರುಪು ಇರಬೇಕು, ಅದು ಉಪಕರಣ ಇಲ್ಲದೆ ತಿರುಗಬಾರದು, ಯಾಕೆಂದರೆ ಅಪ್ಪ ಅತ್ತ ತಿರುಗಿದಾಗ ಮಗು ತಾನೇ ಸಡಿಲ ಮಾಡಿಕೊಳ್ಳುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಾಕಿ ನಿಲ್ಲಿಸಿದರೆ ಗಾಡಿ ಜಾರಬಾರದು. ದೂರದಿಂದ ಕಾಣುವ ಹಾಗೆ ಬಾವುಟ ಸಿಕ್ಕಿಸಲು ಜಾಗ ಇರಬೇಕು.

ಲಿನ್ ಚಿಣ್ಣನ ಮುಂದಿನ ದೀಪದ ಮೇಲೆ ಕೈಯಿಟ್ಟು, "ಇದು ಇರಬಾರದು" ಎಂದಳು.

ಭಾವ ಗಾಬರಿಯಾದರು. ಆ ದೀಪ ಅವರ ಹೆಮ್ಮೆ. "ಯಾಕಂತೆ ಭಾವ? ಒಳ್ಳೆ ಬೆಳಕು ಉಂಟು ಅಂತ ಹೇಳಿ. ನಮ್ಮಲ್ಲಿ ಕರೆಂಟು ಹೋದಾಗ ಶೆಡ್ಡಿಗೆಲ್ಲ ಅದೇ ದೀಪ ಅಂತ ಹೇಳಿ."

ನಾನು ಹೇಳಿದೆ. ಲಿನ್ ಕೇಳಿಸಿಕೊಂಡು, "ದೀಪ ಇದ್ದರೆ ಮಗು ಕತ್ತಲಲ್ಲೂ ಓಡಿಸುತ್ತದೆ. ದೀಪ ಇಲ್ಲದಿದ್ದರೆ ಸಂಜೆಗೆ ಮನೆಗೆ ಬರುತ್ತದೆ" ಎಂದಳು.

ಯಾವುದೋ ದೇಶದ ಯಾವುದೋ ಕೋಣೆಯಲ್ಲಿ ಯಾರೋ ಕೂತು, ತಮ್ಮದಲ್ಲದ ಒಂದು ಮಗು ಕತ್ತಲಾಗುವ ಮೊದಲು ಮನೆ ಸೇರಲಿ ಎಂದು ಯೋಚಿಸಿದ್ದಾರೆ. ನಾನು ಸಣ್ಣವನಿದ್ದಾಗ ಅಪ್ಪನ ಸೈಕಲಿನ ಚಕ್ರಕ್ಕೆ ಕಾಲು ಸಿಕ್ಕಿ ಹಿಮ್ಮಡಿ ಕಿತ್ತುಹೋಗಿತ್ತು. ಆಗ ಮನೆಯಲ್ಲಿ ನನಗೇ ಬೈದಿದ್ದರು. ಹುಟ್ಟದೇ ಇರುವ ಅಮೆರಿಕದ ಆ ಮಗುವಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನಗಬೇಡಿ.

ಭಾವ ತಿರುಪುಳಿ ತೆಗೆದು ಅಲ್ಲಿಯೇ ದೀಪ ಬಿಚ್ಚಿದರು. ಉಳಿದದ್ದರಲ್ಲಿ ಚಿಣ್ಣ ಎಲ್ಲಕ್ಕೂ ಪಾಸಾಯಿತು. ಬ್ರೇಕಿಗೆ ಪಾಸು, ಇಳಿಜಾರಿಗೆ ಪಾಸು, ಮಗುವಿನ ಕೈಗೆ ಪಾಸು. ಪ್ರತಿಯೊಂದಕ್ಕೂ ಲಿನ್ ತಲೆಯಾಡಿಸುವಾಗ ಭಾವ ನನ್ನ ಭುಜ ತಟ್ಟುತ್ತಿದ್ದರು. ಸಂಜೆಯ ಹೊತ್ತಿಗೆ ನನ್ನ ಭುಜ ನೋಯುತ್ತಿತ್ತು.

ಹಿಂದಿರುಗುವಾಗ ಹೆದ್ದಾರಿಯ ಬದಿಯಲ್ಲಿ ಗಾಜಿನ ಪೆಟ್ಟಿಗೆಯಂಥ ಅಂಗಡಿಗಳು ಸಾಲಾಗಿ ಕಂಡವು. ಬಣ್ಣದ ದೀಪ, ಒಳಗೆ ಎತ್ತರದ ಸ್ಟೂಲಿನ ಮೇಲೆ ಒಬ್ಬಳು ಹುಡುಗಿ. ಚಿನ್ನದ ಅಂಗಡಿ ಎಂದುಕೊಂಡೆವು. ಹತ್ತಿರ ಹೋದರೆ ಮಾರುತ್ತಿದ್ದದ್ದು ಅಡಿಕೆ! ಹಸಿ ಅಡಿಕೆಯನ್ನು ಇಡಿಯಾಗಿ ಸುಣ್ಣ ಹಚ್ಚಿ ಎಲೆಯಲ್ಲಿ ಸುತ್ತಿದ್ದರು. ಉಗುಳಲು ಜೊತೆಗೊಂದು ಕಾಗದದ ಲೋಟ. ಭಾವ ಒಂದನ್ನು ಬಾಯಿಗೆ ಹಾಕಿಕೊಂಡು, ಆ ಲೋಟವನ್ನು ಕಾಫಿಯ ಹಾಗೆ ಹಿಡಿದುಕೊಂಡು, ದಾರಿಯುದ್ದಕ್ಕೂ ತಮ್ಮ ಹೊಸ ಶೆಡ್ಡಿನ ಅಗಲ, ಉದ್ದ ಹೇಳಿದರು. ನಾನು ಹೂಂಗುಟ್ಟಿದೆ. ಅವರ ಹೊಸ ಮನೆಯ ಒಕ್ಕಲಿನ ದಿನವೂ ಹೀಗೆಯೇ ಅವರು ಮೆಟ್ಟಿಲಿಗೆ ಹಾಕಿಸಿದ ಗ್ರಾನೈಟಿನ ಬಗ್ಗೆ ಹೇಳಿದ್ದರು, ನಾನು ಹೂಂಗುಟ್ಟಿದ್ದೆ, ಒಳ್ಳೆದಾಗಿದೆ ಎಂದೂ ಹೊಗಳಿದ್ದೆ. ವಾರದೊಳಗೆ ಆ ಮೆಟ್ಟಿಲಿನಲ್ಲಿ ಒಂದು ಬಿರುಕು ಬಿಟ್ಟಿತು. ಕೇಳಿದಾಗ ನನಗೆ ಬೇಸರವಾಗಿತ್ತು, ಆದರೆ ಆಗಬೇಕಾದಷ್ಟು ಆಗಿರಲಿಲ್ಲ.

ಎರಡನೆಯ ದಿನ, ಸೀಸ

ಎರಡನೆಯ ದಿನ ಉಳಿದದ್ದು ಸೀಸದ ಪರೀಕ್ಷೆ ಮಾತ್ರ. ಲಿನ್ ಪಿಸ್ತೂಲಿನ ಆಕಾರದ ಒಂದು ಯಂತ್ರ ತಂದಳು. ಅದರ ಮೂತಿಯನ್ನು ಗಾಡಿಗೆ ತಾಗಿಸಿ ಒತ್ತಿದರೆ ಆ ಜಾಗದಲ್ಲಿ ಸೀಸ ಎಷ್ಟಿದೆ ಎಂದು ಪರದೆಯಲ್ಲಿ ತೋರಿಸುತ್ತದೆ. ಬಣ್ಣಕ್ಕೆ ತಾಗಿಸಿದಳು, ಸರಿ. ಸೀಟು, ಸರಿ. ಬಲಗೈ ಗ್ರಿಪ್, ಸರಿ. ಎಡಗೈ ಗ್ರಿಪ್ಪಿನ ಅಡಿಗೆ ತಾಗಿಸಿದಾಗ ಯಂತ್ರ ಕೀಚ್ ಎಂದಿತು. ಪರದೆ ಕೆಂಪಾಯಿತು.

ಅವಳು ಮತ್ತೆ ತಾಗಿಸಿದಳು. ಮತ್ತೆ ಕೀಚ್.

ನನಗೆ ಸಂತೋಷವಾಯಿತು. ಮುಚ್ಚಿಡುವುದೇಕೆ? ಹೊಟ್ಟೆಯ ಒಳಗೆ ತಣ್ಣಗೆ ಎಳನೀರು ಇಳಿದ ಹಾಗಾಯಿತು. ಕೆಮಿಸ್ಟ್ರಿಯಲ್ಲಿ ಮೂರನೆಯ ಸಲ ಫೇಲು ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು. ಭಾವನ ಮುಖ ನೋಡಿ ನುಂಗಿಕೊಂಡೆ.

"ಈ ಎರಡು ಗ್ರಿಪ್ ಬೇರೆ ಬೇರೆ ಕಡೆಯವೇ?" ಎಂದು ಲಿನ್ ಕೇಳಿದಳು.

"ಸೇಮ್, ಸೇಮ್" ಎಂದರು ಭಾವ.

ಲಿನ್ ದೀಪ ಹಿಡಿದು ಎಡಗೈ ಗ್ರಿಪ್ಪನ್ನು ತಿರುಗಿಸಿ, ಕೆಳಭಾಗವನ್ನು ನೋಡಿದಳು. ರಬ್ಬರಿನ ಗೀರುಗಳ ನಡುವೆ, ಬ್ರೇಕಿನ ಲಿವರಿನ ಹಿಂದೆ, ಯಾರಿಗೂ ಕಾಣದ ಜಾಗದಲ್ಲಿ, ಎಣ್ಣೆಯಲ್ಲಿ ಅಂಟಿ ಒಣಗಿದ ಒಂದು ಕಲೆ. ಕೇಸರಿ ಬಣ್ಣ.

"ಇದೇನು? ಪೇಂಟೇ?"

ಭಾವ ಅದನ್ನು ನೋಡಿದರು. ಅವರ ಕಿವಿ ಕೆಂಪಾಯಿತು. "ನೋ ಐಡಿಯಾ" ಎಂದರು.

ಲಿನ್ ನನಗೆ ಬಿಡಿಸಿ ಹೇಳಿದಳು. ಸೀಸ ಗ್ರಿಪ್ಪಿನ ರಬ್ಬರಿನಲ್ಲೇ ಇದ್ದರೆ ಫೇಲು. ಹೊರಗಿನಿಂದ ಅಂಟಿದ್ದಾದರೆ ಅದು ಏನು, ಹೇಗೆ ಅಂಟಿತು ಎಂದು ನಾವು ಹೇಳಬೇಕು. ಆಗ ಅದೇ ಜಾತಿಯ ಹೊಸ ಗ್ರಿಪ್ ಹಾಕಿ ಮತ್ತೆ ನೋಡಬಹುದು. ಏನೆಂದು ಹೇಳದೆ ಒರೆಸಿ ಪಾಸು ಮಾಡುವ ಹಾಗಿಲ್ಲ. ಊಟ ಮಾಡಿ ಬನ್ನಿ, ಬಂದು ಹೇಳಿ ಎಂದಳು.

ಜಗಲಿಯಲ್ಲಿ

ಪರೀಕ್ಷಾಲಯದ ಹಿಂದೆ ಗದ್ದೆಗೆ ಮುಖ ಮಾಡಿದ ಒಂದು ಜಗಲಿ ಇತ್ತು. ಸಣ್ಣ ಮಳೆ. ಊಟದ ಪೊಟ್ಟಣಗಳನ್ನು ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ಕೂತೆವು. ನಾವು ಮನೆಯಲ್ಲಿ ತುಳುವಿನವರು, ಅಲ್ಲಿಯೂ ಮಾತು ತುಳುವಿನಲ್ಲೇ ನಡೆಯಿತು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಭಾವ, ಅದು ಹನುಮಂತಪ್ಪನ ಡಬ್ಬಿಯ ಸಿಂಧೂರ ಅಲ್ವಾ?"

"ಎಂತ ಸಿಂಧೂರ? ನನಗೆ ಗೊತ್ತಿಲ್ಲ ಮಾರಾಯ್ರೆ."

"ಸಿಂಧೂರ ಎಂದರೆ ಸೀಸವೇ ಭಾವ. ಸೀಸದ ಆಕ್ಸೈಡು. ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ." ಬರೆಯುತ್ತೇನೆ ಸರಿ. ಆದರೆ ಶೆಡ್ಡಿನಲ್ಲಿ ಆ ಡಬ್ಬಿಯ ಪಕ್ಕ ನಿಂತು ತಮಾಷೆ ಮಾಡಿದಾಗ ಅದು ನೆನಪಾಗಿರಲಿಲ್ಲ.

"ಒಳಗೆ ಹೋಗಿ ಹೇಳೋಣ. ಹೇಳಿದರೆ ಮುಗಿಯಿತು" ಎಂದೆ.

"ಬೇಡ."

"ಯಾಕೆ ಬೇಡ? ಫೇಲು ಮಾಡುತ್ತಾರೆ."

"ಮಾಡಲಿ. ನನಗೆ ಫೇಲಾಗಿ ಅಭ್ಯಾಸ ಉಂಟು."

ಅವರು ಅನ್ನವನ್ನು ಕಲಸುತ್ತಾ ಕೂತರು, ತಿನ್ನಲಿಲ್ಲ. ಶೆಡ್ಡಿಗೆ ಬೀಗ ಬಿದ್ದರೂ ಸರಿ, ಬಾಯಿ ಬಿಡುವುದಿಲ್ಲ ಎಂಬ ಹಟ. ನನಗೆ ಸಿಟ್ಟು ಬಂತು. ಹನುಮಂತಪ್ಪನನ್ನು ಉಳಿಸುವುದಕ್ಕೆ ಇಷ್ಟೆಲ್ಲವೇ ಎಂದು ಕೇಳಿದೆ.

"ಅವನು ಹಚ್ಚಿದ್ದಲ್ಲ. ಸುಮತಿ ಹಚ್ಚಿದ್ದು. ಕಾಣದ ಹಾಗೆ ಗ್ರಿಪ್ಪಿನ ಅಡಿಗೆ ಹಚ್ಚಿದಳು. ದೃಷ್ಟಿ ಆಗುವುದು ಬೇಡ ಅಂತ."

"ಯಾರ ದೃಷ್ಟಿ?"

"ಊರಿನವರದ್ದು."

"ಊರಿನವರು ಯಾರು ನೋಡಿದ್ದಾರೆ ಅದನ್ನು? ಹೊಸ ಗಾಡಿ ಶೆಡ್ಡಿನಿಂದ ಹೊರಗೇ ಬಂದಿಲ್ಲ. ನಿಮ್ಮ ಕೆಲಸದವರನ್ನು ಬಿಟ್ಟರೆ ನೋಡಿದವನು…"

ಮಾತು ಅಲ್ಲಿಗೇ ನಿಂತಿತು. ನೋಡಿದವನು ನಾನೊಬ್ಬನೇ. ಒಳಗೆ ಸೆಕೆ, ಹೊರಗೆ ಕೂತುಕೋ ಎಂದು ತಂಗಿ ಕಳಿಸಿದ್ದು ಆಗ ನೆನಪಿಗೆ ಬಂತು. ಭಾವ ನನ್ನ ಕಡೆ ನೋಡಲಿಲ್ಲ. ಗದ್ದೆಯ ಕಡೆ ನೋಡುತ್ತಾ ಹೇಳಿದರು.

"ಬಿಡಿ ಭಾವ. ಅವಳಿಗೆ ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತ ಅಲ್ಲ. ನೀವಿಲ್ಲದೆ ಯಾವ ಕೆಲಸಕ್ಕೂ ಒಪ್ಪುವುದಿಲ್ಲ ಅವಳು, ಇಲ್ಲಿಗೂ ಅಣ್ಣನನ್ನೇ ಕರಕೊಂಡು ಹೋಗಿ ಅಂದದ್ದು ಅವಳೇ. ನಿಮ್ಮ ಕಣ್ಣು ಮಾತ್ರ ಸ್ವಲ್ಪ… ಅವಳಿಗೆ ಸಣ್ಣದಿರುವಾಗಲೇ ಗೊತ್ತಂತೆ. ಅಣ್ಣ ಒಳ್ಳೆದಾಗಿದೆ ಅಂದರೆ ನನಗೆ ಹೆದರಿಕೆ ಅಂತಾಳೆ."

ಅವಳು ಸಣ್ಣವಳಿದ್ದಾಗಿನ ಹೊಸ ಲಂಗ, ಜ್ಯಾಮಿಟ್ರಿ ಬಾಕ್ಸು, ಆಮೇಲೆ ಗ್ರಾನೈಟಿನ ಮೆಟ್ಟಿಲು. ನಾನು ಹೊಗಳಿದ್ದೆಲ್ಲ ಸಾಲಾಗಿ ನೆನಪಾಯಿತು. ಇಷ್ಟು ವರ್ಷ ನನ್ನ ಹೊಟ್ಟೆಕಿಚ್ಚು ನನ್ನೊಬ್ಬನಿಗೇ ಗೊತ್ತಿರುವ ಸೊತ್ತು ಎಂದುಕೊಂಡಿದ್ದೆ. ಅದರಿಂದ ಯಾರಿಗೂ ನಷ್ಟವಿಲ್ಲ ಎಂದೂ ಅಂದುಕೊಂಡಿದ್ದೆ. ಅದನ್ನು ತಂಗಿ ಸಣ್ಣವಳಿರುವಾಗಲೇ ನೋಡಿದ್ದಳು, ಗಂಡನಿಗೂ ಹೇಳಿದ್ದಳು. ಭಾವ ಅದನ್ನು ನನಗೆ ಹೇಳಬಾರದೆಂದು ತಮ್ಮ ಶೆಡ್ಡನ್ನೇ ಬಿಟ್ಟುಕೊಡಲು ಕೂತಿದ್ದರು. ಒಳ್ಳೆಯತನದಲ್ಲೂ ನನ್ನನ್ನು ದಾಟಿ ಹೋದರಲ್ಲ ಎಂದು ಆ ಹೊತ್ತಿನಲ್ಲೂ ಒಂದು ಸಣ್ಣ ಉರಿ ಎದ್ದಿತು. ಅಭ್ಯಾಸಬಲ.

"ಏಳಿ" ಎಂದೆ. "ಒಳಗೆ ಹೋಗೋಣ."

"ಎಂತ ಹೇಳುತ್ತೀರಿ?"

"ಇದ್ದದ್ದನ್ನು."

ಲಿನ್ ಕೇಳಿದ ಪ್ರಶ್ನೆ

ಲಿನ್‌ಗೆ ನಾನು ಮೊದಲು ಕೆಮಿಸ್ಟ್ರಿ ಹೇಳಿದೆ. ಅದು ಸುಲಭವಾಯಿತು. ಸೀಸದ ಆಕ್ಸೈಡು, ಬಣ್ಣ ಕೇಸರಿ, ಎಣ್ಣೆಯಲ್ಲಿ ಕಲಸಿದ್ದು, ರಬ್ಬರಿಗೆ ಸಂಬಂಧವಿಲ್ಲ. ಅವಳು ತಲೆಯಾಡಿಸಿ, "ಯಾಕೆ ಹಚ್ಚಿದ್ದು?" ಎಂದಳು.

"ನಮ್ಮ ಊರಿನಲ್ಲಿ ಹೊಸ ಗಾಡಿಗೆ ಹಚ್ಚುತ್ತಾರೆ. ಹೊಟ್ಟೆಕಿಚ್ಚಿನವರ ಕಣ್ಣು ಬೀಳದಿರಲಿ ಎಂದು."

"ಯಾರ ಕಣ್ಣು?"

ಅವಳು ಕುತೂಹಲಕ್ಕೆ ಕೇಳಿದ್ದು. ಉತ್ತರ ಹೇಳಲೇಬೇಕೆಂದು ಯಾವ ನಿಯಮವೂ ಇರಲಿಲ್ಲ. ಭಾವ ನನ್ನ ಅಂಗಿಯ ತುದಿ ಹಿಡಿದು ಎಳೆದರು.

"ನನ್ನದು" ಎಂದೆ.

ಲಿನ್ ನಗಲಿಲ್ಲ. ನನ್ನನ್ನೂ ಭಾವನನ್ನೂ ಒಂದು ಸಲ ನೋಡಿ, ಜೇಬಿನಿಂದ ತನ್ನ ಸ್ಕೂಟರಿನ ಬೀಗದ ಕೈ ತೆಗೆದು ತೋರಿಸಿದಳು. ಅದಕ್ಕೆ ಒಂದು ಪುಟ್ಟ ಕೆಂಪು ಬಟ್ಟೆಯ ಚೀಲ ಕಟ್ಟಿತ್ತು. "ಅಮ್ಮ ದೇವಸ್ಥಾನದಿಂದ ತಂದು ಕಟ್ಟಿದ್ದು. ಯಾರಿಂದ ಕಾಪಾಡಲು ಎಂದು ನಾನು ಕೇಳಿಲ್ಲ" ಎಂದಳು. ಆಮೇಲೆ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, ಮತ್ತೆ ನೀಲಿ ಅಂಗಿಯ ಪರೀಕ್ಷಕಿಯಾದಳು. "ಆದರೆ ಮಗು ಗ್ರಿಪ್ ಹಿಡಿದ ಕೈಯನ್ನೇ ಬಾಯಿಗೆ ಹಾಕುತ್ತದೆ. ಕಣ್ಣಿಗಿಂತ ಇದು ಅಪಾಯ. ಹೊಸ ಗ್ರಿಪ್ ಇದೆಯೇ?"

ಭಾವನ ಬ್ಯಾಗು ಇದ್ದದ್ದೇ ಅದಕ್ಕೆ. ಎರಡು ಶರ್ಟುಗಳ ಕೆಳಗಿನಿಂದ, ಒಡೆಯದ ಪ್ಲಾಸ್ಟಿಕ್ ಪೊಟ್ಟಣದಲ್ಲಿದ್ದ ಒಂದು ಜೊತೆ ಗ್ರಿಪ್ ಹೊರಗೆ ಬಂತು. ಲಿನ್ ಪೊಟ್ಟಣದ ಗುರುತು ನೋಡಿ, ಹಳೆಯದಕ್ಕೆ ಹೋಲಿಸಿ, ತಾನೇ ಕೈಗವಸು ಹಾಕಿಕೊಂಡು ಗಾಡಿಗೆ ಹಾಕಿಸಿದಳು. ಯಂತ್ರ ತಾಗಿಸಿದಳು. ಕೀಚ್ ಎನ್ನಬಾರದು, ಎನ್ನಬಾರದು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಭಾವನ ವಿಷಯದಲ್ಲಿ ನಾನು ಹಾಗೆ ಬೇಡಿಕೊಂಡದ್ದು ಅದೇ ಮೊದಲು. ಪರದೆಯನ್ನು ಮಾತ್ರ ನೋಡಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ.

ಯಂತ್ರ ಸುಮ್ಮನಿತ್ತು. ಭಾವ ನನ್ನ ಭುಜ ತಟ್ಟಿದರು.

ಮತ್ತೆ ಶೆಡ್ಡಿನಲ್ಲಿ

ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಊರಿಗೆ ಬಂದ ಮೇಲೂ ಸಂಗೀತದ ಕಸದ ಲಾರಿ ನೆನಪಾದರೆ ಉರಿಯುತ್ತದೆ. ಮಣಿಪಾಲದ ರಸ್ತೆಯಲ್ಲಿ ಸ್ಕೂಟರಿನ ಮುಂದೆ ಬರಿತಲೆಯಲ್ಲಿ ನಿಂತ ಮಗುವನ್ನು ಕಂಡರೆ ಆ ಮೊಲದ ಕಿವಿಯ ಹೆಲ್ಮೆಟ್ಟು ನೆನಪಾಗಿ ಇನ್ನೂ ಉರಿಯುತ್ತದೆ. ಕಾಪುವಿನ ಕಡಲ ಬದಿಯಲ್ಲಿ ಭಾವ ಹೊಸ ಸೈಟು ನೋಡಿದ್ದಾರೆ ಎಂದು ಯಾರೋ ಹೇಳಿದ ದಿನ ನಾನು ಚಹಾ ಕುಡಿಯದೆ ಎದ್ದು ಬಂದೆ.

ಮಳೆಗಾಲ ಮುಗಿದ ಮೇಲೆ ಮೊದಲ ಆರ್ಡರಿನ ಗಾಡಿಗಳು ತಯಾರಾದವು. ಸುಮತಿಯೇ ಫೋನು ಮಾಡಿ ಕರೆದಳು. ಹೋದಾಗ ಶೆಡ್ಡಿನ ಉದ್ದಕ್ಕೂ ಹಸಿರು ಚಿಣ್ಣಗಳು ಸಾಲಾಗಿ ನಿಂತಿದ್ದವು, ದೀಪವಿಲ್ಲದೆ, ಎಲ್ಲವೂ ಒಂದೇ ಅಳತೆ. ಹನುಮಂತಪ್ಪ ತೆಂಗಿನಕಾಯಿ ಹಿಡಿದು ನಿಂತಿದ್ದ. ಗೋಡೆಯ ಪಟದ ಕೆಳಗೆ ಡಬ್ಬಿ ಇರಲಿಲ್ಲ.

"ಡಬ್ಬಿ ಮನಿಗೆ ಒಯ್ದೀನ್ರೀ ಸರ. ಸಾಹುಕಾರ್ರು ಇಲ್ಲಿ ತರಬ್ಯಾಡ ಅಂದಾರ" ಎಂದ.

ನಾನು ಗಾಡಿಗಳನ್ನು ನೋಡಿದೆ. ನಿಜವಾಗಿಯೂ ಚೆನ್ನಾಗಿದ್ದವು. ಬಾಯಿ ತೆರೆದೆ. ಸುಮತಿ ಆರತಿಯ ತಟ್ಟೆ ಹಿಡಿದು ನನ್ನೆದುರು ಬಂದು ನಿಂತಳು. ತೈವಾನಿನಲ್ಲಿ ನಡೆದದ್ದನ್ನು ಭಾವ ಅವಳಿಗೆ ಹೇಳಿದ್ದರೆಂದು ಅವಳ ಮುಖದಲ್ಲೇ ಗೊತ್ತಾಯಿತು. ನಗುತ್ತಿದ್ದಳು, ಕಣ್ಣು ಮಾತ್ರ ತುಂಬಿತ್ತು.

"ಅಣ್ಣ, ಇನ್ನು ಸಿಂಧೂರ ಹಚ್ಚುವ ಹಾಗಿಲ್ಲವಂತೆ" ಎಂದಳು. "ಮೊಳೆ ಹೊಡೆದು ಮುಗಿಯುವವರೆಗೆ ನೀನು ಸ್ವಲ್ಪ ಆ ಕಡೆ ತಿರುಗಿ ನಿಂತುಕೊಳ್ಳುತ್ತೀಯಾ?"

ಈ ಸಲ ಅವಳು ಸೆಕೆಯ ನೆಪ ಹೇಳಲಿಲ್ಲ. ನಾನು ತಿರುಗಿ ಗೋಡೆಯ ಕಡೆ ಮುಖ ಮಾಡಿ ನಿಂತೆ. ಹಿಂದೆ ತೆಂಗಿನಕಾಯಿ ಒಡೆದ ಸದ್ದಾಯಿತು, ಆಮೇಲೆ ಸುತ್ತಿಗೆಯ ಸದ್ದು. ಎಲ್ಲ ಪೆಟ್ಟಿಗೆಗಳೂ ಮುಚ್ಚುವವರೆಗೆ ನಾನು ತಿರುಗಿ ನೋಡಲಿಲ್ಲ.